ನಾವಿಲ್ಲದಾಗ ನಮ್ಮನೇಲಿ ಓಡಾಡೋರು

ಹಲೋ, ಹಲೋ. ಬರ್ತಿದೆ ಅಲ್ವಾ? ಸರಿ. ಎರಡು ತಿಂಗಳಿಂದ ಎಲ್ಲಿ ಸತ್ತಿದ್ದೆ ಅಂತ ಗ್ರೂಪಲ್ಲಿ ಕೇಳಿದ್ರಲ್ಲ, ಆ ಪ್ರಶ್ನೇನ ನಾನೂ ಒಂದು ವಾರ ಸೀರಿಯಸ್ಸಾಗಿ ಕೇಳ್ಕೊಂಡಿದ್ದೆ ಕಣ್ರೇ. ಉದ್ದ ಇದೆ, ಪಾತ್ರೆ ತೊಳೀತಾ ಕೇಳಿ. ಮನೇಲಿ ಒಬ್ಬಳೇ ಇರೋಳು ಈಗ ಕೇಳಬೇಡಿ, ಯಾರಾದ್ರೂ ಬಂದ ಮೇಲೆ ಕೇಳಿ. ಬಂದಿದ್ದು ಯಾರು ಅಂತ ಸರಿಯಾಗಿ ನೋಡ್ಕೊಂಡು ಕೇಳಿ.

ಶುರುವಾಗಿದ್ದು ನನ್ನ ಜಂಬದಿಂದ. ನಾನು ಝೆರಾಕ್ಸ್ ಅಂಗಡೀಲಿರೋದು ಗೊತ್ತಲ್ಲ. ಒಂದು ದಿನ ಒಬ್ಬರು ಬಂದು ಒಂದು ನೋಟೀಸ್ ಕೊಟ್ಟು ನಲವತ್ತು ಪ್ರತಿ ಮಾಡಿ ಅಂದ್ರು. ಭೂಮಿ ಎಲ್ಲೆಲ್ಲಿ ಎಷ್ಟೆಷ್ಟು ನಡುಗುತ್ತೆ ಅಂತ ಅಳೆಯೋಕೆ ಸಾಮಾನ್ಯ ಜನರೂ ಕೈ ಜೋಡಿಸಬಹುದು, ಮನೇಲಿ ಒಂದು ಪೆಟ್ಟಿಗೆ ಇಟ್ಟುಕೊಂಡ್ರೆ ಸಾಕು, ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ಇತ್ತು. ನಾನು ನಲವತ್ತೊಂದು ಪ್ರತಿ ತೆಗೆದೆ. ಆ ನಲವತ್ತೊಂದನೇದನ್ನ ಅಕ್ಕನ ಮುಂದೆ ಹಿಡಿದು ಪ್ರತಿಜ್ಞೆ ಮಾಡಿದೆ: ಇಷ್ಟು ವರ್ಷ ಬೇರೆಯವರ ಕಾಗದಾನ ಎರಡು ಮಾಡಿದ್ದು ಸಾಕು, ಇನ್ಮೇಲೆ ಜಗತ್ತಿಗೆ ನಾನೇ ಒಂದು ಒರಿಜಿನಲ್ ಕೊಡ್ತೀನಿ.

ಅಕ್ಕ ಕನ್ನಡಕದ ಅಂಗಡೀಲಿ ಕೆಲಸ ಮಾಡೋದು. ಜನಕ್ಕೆ ಕಾಣದೇ ಇರೋದನ್ನ ಕಾಣಿಸೋದೇ ಅವಳ ಉದ್ಯೋಗ. ನನ್ನನ್ನ ಮೇಲಿಂದ ಕೆಳಗೆ ನೋಡಿ, ಮೊದಲು ಹಾಸಿಗೆ ಮಡಚಿಡು, ಆಮೇಲೆ ಭೂಮಿ ನೋಡ್ಕೊಳ್ಳುವಂತೆ ಅಂದ್ಲು.

ಮನೇಲಿ ನಾವು ಮೂರೇ ಜನ. ಅಕ್ಕ, ಬಾವ, ನಾನು. ಬಾವ ಬಸ್ ಡ್ರೈವರ್. ಅಂದ್ರೆ ಆಗಿದ್ರು. ಏಳು ತಿಂಗಳ ಹಿಂದೆ ಬಸ್ಸಿನ ಮೆಟ್ಟಿಲಿಂದಾನೇ ಜಾರಿ ಎಡಗಾಲು ಎರಡು ಕಡೆ ಮುರ್ಕೊಂಡ್ರು. ಮೂಳೆ ಕೂಡಿತು, ಕುಂಟು ಉಳೀತು. ಆಮೇಲಿಂದ ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿ ಹಿಂದೆ ಕೂರಿಸಿದ್ದಾರೆ. ಇಪ್ಪತ್ತು ವರ್ಷ ಬಸ್ ಓಡಿಸಿದ ಮನುಷ್ಯ ಈಗ ಬೇರೆಯವರ ಬಸ್ಸು ಎಷ್ಟು ಗಂಟೆಗೆ ಅಂತ ಹೇಳ್ತಾ ಕೂರಬೇಕು. ಡಿಪೋ ಡಾಕ್ಟರ್ ಮುಂದೆ ಒಂದು ಪರೀಕ್ಷೆ ಇದೆ: ಆ ತುದಿಯಿಂದ ಈ ತುದಿಗೆ ಕುಂಟದೆ ನಡೆದು ತೋರಿಸಿದ್ರೆ ಸ್ಟೀರಿಂಗ್ ವಾಪಸ್ಸು, ಇಲ್ಲಾಂದ್ರೆ ರಿಟೈರ್ ಆಗೋವರೆಗೂ ಕಿಟಕಿ. ಬಾವನ್ನ ಕೇಳಿದ್ರೆ, ಆಗೋದು ಆಗುತ್ತೆ ಬಿಡು ಅಂತಿದ್ರು. ಡಾಕ್ಟರ್ ಹೇಳಿದ ವ್ಯಾಯಾಮ ಬಿಟ್ಟೇ ಬಿಟ್ಟಿದ್ದೀನಿ, ಪ್ರಯೋಜನ ಇಲ್ಲ ಅಂತಿದ್ರು. ಅಕ್ಕ ಎದುರಿಗೆ ಬೈತಿದ್ಲು, ಅಡುಗೆಮನೇಲಿ ಅಳ್ತಿದ್ಲು.

ಸರಿ, ಪೆಟ್ಟಿಗೆ ಬಂತು. ಚಪ್ಪಲಿ ಡಬ್ಬಿಯಷ್ಟೇ, ಆದ್ರೆ ಎತ್ತಿದ್ರೆ ಇಟ್ಟಿಗೆ. ಒಂದು ಹಸಿರು ದೀಪ. ಹಾಲ್‌ನಲ್ಲಿ ಮೂಲೆ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿ ಹೋದ್ರು. ಜೊತೆಗೆ ಎಂಟು ಪುಟದ ಪುಸ್ತಕ ಕೊಟ್ರು. ಮೊದಲನೇ ಪುಟದಲ್ಲಿ ನನಗೆ ಸ್ವಾಗತ ಕೋರಿದ್ರು, ಅದನ್ನ ಓದಿದೆ. ಕೊನೇ ಪುಟದಲ್ಲಿ ಕೇಂದ್ರದ ಮೇಡಂ ಫೋನ್ ನಂಬರ್ ಇತ್ತು, ಅದನ್ನೂ ಓದಿದೆ. ಇಷ್ಟು ಸಾಕು ಅಂತ ನನಗೆ ಅನಿಸಿತು.

ನನ್ನ ಕೆಲಸ ಏನಂದ್ರೆ, ಪೆಟ್ಟಿಗೆ ನಿನ್ನೆಯ ನಡುಕಾನೆಲ್ಲ ಒಂದು ಹಾಳೇಲಿ ಗೆರೆ ಎಳೆದು ಇವತ್ತು ಬೆಳಿಗ್ಗೆ ಮೊಬೈಲಿಗೆ ಕಳಿಸುತ್ತೆ. ಒಂದು ಹಾಳೆ ಅಂದ್ರೆ ಒಂದು ದಿನ, ಎಡದಿಂದ ಬಲಕ್ಕೆ ಇಪ್ಪತ್ತನಾಲ್ಕು ಗಂಟೆ. ಮನೆ ಸುಮ್ಮನಿದ್ರೆ ಗೆರೆ ನೆಟ್ಟಗೆ. ಯಾರಾದ್ರೂ ನಡೆದ್ರೆ ಹೆಜ್ಜೆಗೊಂದು ಮುಳ್ಳು ಏಳುತ್ತೆ. ಪೆಟ್ಟಿಗೆಗೆ ಹತ್ತಿರ ಬಂದಷ್ಟೂ ಮುಳ್ಳು ಎತ್ತರ. ನಾನು ಪ್ರತಿ ಸದ್ದಿಗೂ 'ಗೊತ್ತಿರೋದು', 'ಗೊತ್ತಿಲ್ಲದ್ದು' ಅಂತ ಗುರುತು ಹಾಕಬೇಕು.

ಮೂರು ವಾರ ಹಾಳೆ ಮುಟ್ಟಲೇ ಇಲ್ಲ. ಮೇಡಂ ನೆನಪು ಮಾಡಿದ ಮೇಲೆ ಒಂದು ಮಧ್ಯಾಹ್ನ, ಅಂಗಡೀಲಿ ಗಿರಾಕಿ ಇಲ್ಲದ ಹೊತ್ತಲ್ಲಿ, ಇಪ್ಪತ್ತೊಂದೂ ಹಾಳೆ ಪ್ರಿಂಟ್ ತೆಗೆದು ಕೌಂಟರ್ ಮೇಲೆ ಹರಡಿದೆ.

ಮೊದಲನೇ ಹಾಳೆ ನೋಡಿದೆ. ಎರಡನೇದು ನೋಡಿದೆ. ಮೂರನೇದು ನೋಡುವಷ್ಟರಲ್ಲಿ ಎದ್ದು ಹೋಗಿ ಅಂಗಡಿ ಫ್ಯಾನ್ ಆಫ್ ಮಾಡಿದೆ, ಯಾಕೋ ಚಳಿ ಆಗ್ತಿತ್ತು.

ಭಾನುವಾರ ಬಿಟ್ರೆ ನಾವು ಮೂರೂ ಜನ ಬೆಳಿಗ್ಗೆ ಒಂಬತ್ತೂವರೆಗೆ ಬೀಗ ಹಾಕ್ಕೊಂಡು ಹೋದ್ರೆ ಬರೋದು ಸಂಜೆ ಆರಕ್ಕೆ. ಮಧ್ಯಾಹ್ನ ಮನೇಲಿ ನರಪಿಳ್ಳೆ ಇರಲ್ಲ. ಆದ್ರೆ ಹಾಳೇಲಿ ಸರಿಯಾಗಿ ಹನ್ನೆರಡು ಗಂಟೆಗೆ ಬಾಗಿಲು ತೆಗೆದ ಏಟು. ಆಮೇಲೆ ಹೆಜ್ಜೆ. ಒಬ್ಬರದ್ದಲ್ಲ, ಮೂರು ಥರದ್ದು. ಅಡುಗೆಮನೆ ಕಡೆ ಹೋಗೋದು, ಬರೋದು, ಏನೋ ಎಳೆಯೋದು, ಏನೋ ಇಡೋದು. ಐದು ಗಂಟೆವರೆಗೂ ಒಂದು ತುಂಬು ಸಂಸಾರ. ಐದಕ್ಕೆ ಎಲ್ಲ ನಿಲ್ಲುತ್ತೆ. ಆರು ಗಂಟೆಗೆ ನಾವು ಬರ್ತೀವಿ.

ಅಲ್ಲಿಗೇ ಮುಗಿದಿದ್ರೆ ಕಳ್ಳರು ಅಂದ್ಕೊಳ್ಳಬಹುದಿತ್ತು. ಆರರಿಂದ ಹತ್ತರವರೆಗೆ ನಾವು ಮನೇಲಿ ಉಣ್ತೀವಿ, ಜಗಳ ಆಡ್ತೀವಿ, ಅಕ್ಕ ಬಾಗಿಲು ಬಡಿದ್ರೆ ಪಕ್ಕದ ಬೀದಿಗೆ ಕೇಳುತ್ತೆ. ಹಾಳೇಲಿ ಆ ಹೊತ್ತಿಗೆ ಗೆರೆ ನೆಟ್ಟಗೆ. ಒಂದು ಮುಳ್ಳೂ ಇಲ್ಲ. ಇಪ್ಪತ್ತೊಂದು ಹಾಳೇಲೂ ಇಲ್ಲ. ಮತ್ತೆ ಹನ್ನೆರಡು ದಾಟಿದ ಮೇಲೆ, ನಾವು ಮಲಗಿ ಗೊರಕೆ ಹೊಡೀತಿರೋವಾಗ, ಓಡಾಟ. ನೀರಿನ ಬಕೆಟ್ ಇಟ್ಟ ಹಾಗೆ ಧಡ್ ಧಡ್.

ಅಂದ್ರೆ ಏನರ್ಥ ಹೇಳಿ. ನಾವಿಲ್ಲದಾಗ ಮನೇಲಿ ಜನ ಇದ್ದಾರೆ. ನಾವಿದ್ದಾಗ ಯಾರೂ ಇಲ್ಲ. ನಾವೂ ಇಲ್ಲ.

ಒಂದು ನಿಮಿಷ ನನ್ನ ಕೈ ನಾನೇ ನೋಡ್ಕೊಂಡು ನಿಂತೆ. ಏಳು ತಿಂಗಳ ಹಿಂದೆ ಬಾವನ ಜೊತೆ ನಾವೂ ಆ ಬಸ್ಸಲ್ಲಿ ಇದ್ವಾ? ನೆನಪಿಲ್ಲ. ಸತ್ತವರಿಗೆ ನೆನಪಿರುತ್ತಾ? ಆಗ ಒಬ್ಬ ಗಿರಾಕಿ ಬಂದು ಬಾಡಿಗೆ ಕರಾರು ಪತ್ರ ಕೊಟ್ಟು ಅರವತ್ತು ಪ್ರತಿ ಕೇಳಿದ. ನಾನು ದೆವ್ವದ ಹಾಳೆ ಅರವತ್ತು ಪ್ರತಿ ತೆಗೆದು, ಪಿನ್ ಹೊಡೆದು, ಕವರಿಗೆ ಹಾಕಿ ಕೊಟ್ಟೆ. ಅವನು ವಾಪಸ್ ಬಂದು ಬಿಡಿಸಿ ಬಿಡಿಸಿ ಬೈದಾಗ ಎಷ್ಟು ಸಮಾಧಾನ ಆಯ್ತು ಗೊತ್ತಾ? ಸತ್ತವರನ್ನ ಯಾರೂ ಅಷ್ಟು ಮನಸ್ಸಿಟ್ಟು ಬೈಯಲ್ಲ.

ಆದ್ರೆ ನಾಲ್ಕನೇದೊಂದು ಇತ್ತು. ಅದು ಬೇರೆ. ರಾತ್ರಿ ಹತ್ತೂವರೆಗೆ ಶುರು, ನಲವತ್ತು ನಿಮಿಷ. ಎಂಟು ಹೆಜ್ಜೆ, ನಿಲ್ಲೋದು, ತಿರುಗೋದು, ಮತ್ತೆ ಎಂಟು ಹೆಜ್ಜೆ. ನಮ್ಮ ಹಾಲ್ ಗೋಡೆಯಿಂದ ಗೋಡೆಗೆ ಎಂಟು ಹೆಜ್ಜೆ, ನಾನು ಅಳೆದು ನೋಡಿದೆ. ಮೊದಲ ವಾರದ ಹಾಳೇಲಿ ಒಂದು ಮುಳ್ಳು ಎತ್ತರ, ಒಂದು ಗಿಡ್ಡ, ಮಧ್ಯೆ ಕಾಲು ಎಳೆದ ಗೀರು. ಕುಂಟು.

ಅದು ನಿಮ್ಮ ಬಾವಾನೇ ಅಲ್ವೇನೇ ಅಂತ ನೀವು ಅಂತೀರಿ. ನಾನೂ ಅಂದ್ಕೊಂಡೆ ಕಣ್ರೇ. ಆದ್ರೆ ಹತ್ತೂವರೆಗೆ ಬಾವ ನನ್ನ ಕಣ್ಣೆದುರಿಗೇ ಕುರ್ಚೀಲಿ ಕಾಲು ನೀಡ್ಕೊಂಡು ವಾರ್ತೆ ನೋಡ್ತಿರ್ತಾರೆ. ಪ್ರತಿ ದಿನ. ಅಂದ್ರೆ ಬಾವ ಕೂತಿರೋ ಹಾಲ್‌ನಲ್ಲೇ, ಬಾವನ ಮುಂದೇನೇ, ಇನ್ನೊಂದು ಕುಂಟು ಕಾಲು ಆ ಗೋಡೆಯಿಂದ ಈ ಗೋಡೆಗೆ ನಡೀತಿದೆ. ಇನ್ನೂ ಕೇಳಿ. ಎರಡನೇ ವಾರಕ್ಕೆ ಗೀರು ಸಣ್ಣ ಆಯ್ತು. ಮೂರನೇ ವಾರಕ್ಕೆ ಎರಡೂ ಮುಳ್ಳು ಹೆಚ್ಚೂಕಡಿಮೆ ಒಂದೇ ಎತ್ತರ. ಅದು ದಿನದಿಂದ ದಿನಕ್ಕೆ ನೆಟ್ಟಗಾಗ್ತಾ ಇತ್ತು. ಅದಕ್ಕೆ ಕಾಲು ಬರ್ತಾ ಇತ್ತು.

ನಾನು ಯಾರಿಗೂ ಹೇಳಲಿಲ್ಲ. ವಿಜ್ಞಾನಿ ಅಂದ್ರೆ ಮೊದಲು ಪ್ರಯೋಗ ಮಾಡಬೇಕು ಅಲ್ವಾ? ಮುಂದಿನ ಭಾನುವಾರ ಅಕ್ಕ ಬಾವ ಮಧ್ಯಾಹ್ನ ಪೇಟೆಗೆ ಹೋದ್ರು. ನಾನು ತಲೆನೋವು ಅಂತ ಉಳ್ಕೊಂಡೆ. ಪೆಟ್ಟಿಗೆ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಹನ್ನೆರಡರಿಂದ ಮೂರರವರೆಗೆ ಕೂತೆ. ಕಾಲು ನೆಲಕ್ಕೆ ತಾಗಿಸಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಮೆಲ್ಲಗೆ ಸರೀತಾ ಇತ್ತು. ಹಸಿರು ದೀಪ ಮಿಣಕ್, ಮಿಣಕ್. ಒಂದು ಸದ್ದಿಲ್ಲ. ಒಂದು ಗಂಟೆಗೆ ಸುತ್ತಿಗೆ ತಗೊಂಡು, ಇಲ್ಲಿ ಯಾರೇ ಇದ್ರೂ ದಯವಿಟ್ಟು ಹೀಗೇ ಮೂರು ಸಲ ಉತ್ತರ ಕೊಡಿ ಅಂತ ಬಹುವಚನದಲ್ಲೇ ಹೇಳಿ, ನೆಲಕ್ಕೆ ಮೂರು ಸಲ ಕುಟ್ಟಿದೆ. ಏನೂ ಬರಲಿಲ್ಲ. ಎದ್ದು ಬಂದು ನನ್ನ ಧೈರ್ಯಕ್ಕೆ ನಾನೇ ಮೆಚ್ಚಿ ಟೀ ಮಾಡ್ಕೊಂಡು ಕುಡಿದೆ.

ಸೋಮವಾರ ಹಾಳೆ ಬಂತು.

ಮಧ್ಯಾಹ್ನ ಹನ್ನೆರಡಕ್ಕೆ, ನಾನು ಕೂತಿದ್ದ ಹೊತ್ತಿಗೆ ಸರಿಯಾಗಿ, ಮೂರು ಜನ. ನನ್ನ ಸುತ್ತ ಓಡಾಡ್ತಿದ್ದಾರೆ. ಒಂದೂ ಇಪ್ಪತ್ತಕ್ಕೆ ಒಬ್ಬರು ದೂರದಿಂದ ಪೆಟ್ಟಿಗೆ ಕಡೆ ಬರ್ತಾರೆ, ಮುಳ್ಳು ಎತ್ತರ, ಇನ್ನೂ ಎತ್ತರ, ಆಮೇಲೆ ನಿಂತುಹೋಗುತ್ತೆ. ಹನ್ನೊಂದು ನಿಮಿಷ ಹೆಜ್ಜೆ ಇಲ್ಲ. ಹನ್ನೊಂದು ನಿಮಿಷ ಆದ ಮೇಲೆ ಆ ಹೆಜ್ಜೆ ವಾಪಸ್ ಹೋಗುತ್ತೆ. ಅಂದ್ರೆ ನನ್ನ ಕುರ್ಚಿ ಪಕ್ಕ ಯಾರೋ ಹನ್ನೊಂದು ನಿಮಿಷ ನಿಂತು ನನ್ನನ್ನ ನೋಡಿದ್ದಾರೆ.

ನಾನು ಕುಟ್ಟಿದ ಮೂರು ಏಟು ಒಂದು ಗಂಟೆ ಹತ್ತಿರ ಇರಲೇ ಇಲ್ಲ. ಹುಡುಕಿದೆ. ಸಿಕ್ತು. ಬೆಳಿಗ್ಗೆ ಏಳು ಗಂಟೆಗೆ. ನಾವೆಲ್ಲ ಹನ್ನೊಂದರವರೆಗಿನ ಭಾನುವಾರದ ನಿದ್ದೇಲಿದ್ದಾಗ. ಮೂರು ಏಟು, ಒಂದೇ ಅಳತೆ, ಒಂದೇ ಅಂತರ.

ನಾನು ಕೇಳೋಕೆ ಆರು ಗಂಟೆ ಮೊದಲೇ ಅದು ಉತ್ತರ ಕೊಟ್ಟಿತ್ತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಎಲ್ಲಾ ಹೇಳಿಬಿಟ್ಟೆ. ಅಕ್ಕ ಮೊದಲು, ನಾಳೆ ಅಂಗಡಿಗೆ ಬಾ, ಕಣ್ಣು ಪರೀಕ್ಷೆ ಮಾಡಿಸ್ತೀನಿ, ಪುಕ್ಕಟೆ ಅಂದ್ಲು. ಹಾಳೆ ಕೈಗೆ ತಗೊಂಡು ನೋಡಿದ ಮೇಲೆ ತಟ್ಟೆ ಸರಿಸಿದ್ಲು. ಎದ್ದು, ನಾನು ಇದ್ದೀನೋ ಇಲ್ವೋ ನೋಡೇ ಬಿಡ್ತೀನಿ ಅಂತ ಹಾಲ್ ತುಂಬ ಧಡಧಡ ಕಾಲು ಅಪ್ಪಳಿಸ್ತಾ ಓಡಾಡಿದ್ಲು, ಎಂಟು ಗಂಟೆಯಿಂದ ಎಂಟೂ ಹತ್ತರವರೆಗೆ. ನಾನು ಟೈಮ್ ಬರೆದಿಟ್ಟುಕೊಂಡೆ.

ಬಾವ ಮಾತ್ರ ಅಲ್ಲಾಡದೆ ಕೂತಿದ್ರು. ಅಕ್ಕ ಕೈ ತೊಳೆಯೋಕೆ ಹೋದಾಗ ಹಾಳೆ ಹತ್ತಿರ ಎಳ್ಕೊಂಡ್ರು.

"ಈ ಪೆಟ್ಟಿಗೆ ಭೂಕಂಪ ಆದ್ರೆ ಮಾತ್ರ ತಾನೇ ಬರೆಯೋದು?"

"ಇಲ್ಲ ಬಾವ. ಇರುವೆ ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತೆ."

"ಹಾಗಾದ್ರೆ ಬೆಳಗಿನ ಜಾವ ನಾಲ್ಕೂವರೆಗೆ ಏನಿದೆ ನೋಡು."

"ಏನೂ ಇಲ್ಲ."

"ಸರಿಯಾಗಿ ನೋಡಮ್ಮ."

"ನೆಟ್ಟಗೆ ಗೆರೆ ಬಾವ. ನಾಲ್ಕೂವರೆಗೆ ಈ ಮನೇಲಿ ಯಾರೂ ಕಾಲೇ ಊರಿಲ್ಲ. ಎಲ್ಲಾ ಹಾಳೇಲೂ ಹಾಗೇ ಇದೆ."

ಬಾವನ ಮುಖ ಆ ಹಾಳೆಗಿಂತ ಬಿಳಿ ಆಯ್ತು. ಮಿಕ್ಕ ಅನ್ನ ಹಾಗೇ ಬಿಟ್ಟು ಎದ್ದು ಹೋದ್ರು. ನಾನು, ಪಾಪ, ನನ್ನ ಸಂಶೋಧನೆ ಅವರ ಮನಸ್ಸಿಗೆ ತಟ್ಟಿದೆ ಅಂತ ಹೆಮ್ಮೆ ಪಟ್ಕೊಂಡೆ.

ಮಂಗಳವಾರದ ಹಾಳೇಲಿ ಎರಡು ವಿಷಯ. ಒಂದು, ರಾತ್ರಿ ಎಂಟು ಗಂಟೇಲಿ ಅಕ್ಕ ಇಲ್ಲ. ಗೆರೆ ನೆಟ್ಟಗೆ. ಅಷ್ಟು ಅಪ್ಪಳಿಸಿದ್ರೂ ಅಕ್ಕ ಇಲ್ಲ. ಆದ್ರೆ ಮಧ್ಯಾಹ್ನ ಎರಡಕ್ಕೆ ಅಲ್ಲಿಯೋರಿಗೆ ಯಾರೋ ಸಿಟ್ಟು ಬರಿಸಿದ ಹಾಗೆ ಹತ್ತು ನಿಮಿಷ ರಂಪ. ಅಕ್ಕನಿಗೆ ತೋರಿಸಿದೆ. ಅವತ್ತಿಂದ ಅಕ್ಕ ಸಂಜೆ ಬಂದಾಗ ಸ್ವಂತ ಮನೆ ಬಾಗಿಲನ್ನೇ ತಟ್ಟಿ, ಸ್ವಲ್ಪ ಕಾದು, ಬರ್ತಿದ್ದೀವಿ ಅಂತ ಹೇಳಿ, ಆಮೇಲೆ ಬೀಗ ತೆಗೆಯೋಕೆ ಶುರು ಮಾಡಿದ್ಲು. ಒಳಗಿರೋರಿಗೆ ಎದ್ದು ಹೋಗೋಕೆ ಸಮಯ ಬೇಕಲ್ಲ. ಊಟ ಪಿಸುಮಾತಲ್ಲಿ. ತಟ್ಟೆ ಇಡೋದು ಮೆತ್ತಗೆ. ನಾವು ಆ ಮನೇಲಿ ಬಾಡಿಗೆಗೆ ಅಲ್ಲ, ಅತಿಥಿಗಳಾಗಿ ಇರೋ ಹಾಗೆ.

ಎರಡನೇದು, ಹತ್ತೂವರೆಯ ಕುಂಟ ಮಾಯ. ಒಂದು ಹೆಜ್ಜೆ ಇಲ್ಲ. ನಾನು ಅವನ ವಿಷಯ ಬಾಯಿ ಬಿಟ್ಟ ಮರುದಿನವೇ. ನೋಡಿದ್ರಾ ಬಾವ, ನನಗೆ ಹೆದರಿ ಒಬ್ಬ ಖಾಲಿ ಮಾಡಿದ ಅಂತ ಎದೆ ತಟ್ಕೊಂಡು ಹೇಳಿದೆ. ಬಾವ ಗೋಡೆ ಹಿಡ್ಕೊಂಡು ಕೂತ್ರು.

ಬುಧ, ಗುರು, ಶುಕ್ರ, ಅವನು ಬರಲೇ ಇಲ್ಲ. ಆದ್ರೆ ಇನ್ನೊಂದು ಆಯ್ತು. ಬಾವ ಕುಂಟೋದು ಜಾಸ್ತಿ ಆಯ್ತು. ಮೂಲೇಲಿಟ್ಟಿದ್ದ ಊರುಗೋಲು ಮತ್ತೆ ಕೈಗೆ ಬಂತು. ರಾತ್ರಿ ಮುಖದ ತುಂಬ ಹೊದ್ದು ಮಲಗೋರು. ವಿಚಾರಣೆ ಕಿಟಕೀಲಿ ಯಾರಿಗೋ ಹತ್ತೂವರೆ ಬಸ್ಸನ್ನ ನಾಲ್ಕೂವರೆಗೆ ಅಂತ ಹೇಳಿ ಬೈಸ್ಕೊಂಡು ಬಂದ್ರು. ಅಕ್ಕ ನನ್ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ ಬಾಗಿಲು ಮುಚ್ಚಿದ್ಲು. ಕಣ್ಣು ಕೆಂಪಾಗಿತ್ತು.

"ಆ ದರಿದ್ರದ್ದು ತನ್ನ ಕುಂಟನ್ನ ಇವರ ಕಾಲಿಗೆ ಇಳಿಸಿ ಹೋಗಿದೆ ಕಣೇ. ಅದು ದಿನಾ ನೆಟ್ಟಗಾಗ್ತಿತ್ತು ಅಂತ ನೀನೇ ಹೇಳಿದ್ದಲ್ವಾ? ಇನ್ನು ಹತ್ತೇ ದಿನಕ್ಕೆ, ಸೋಮವಾರ ಪರೀಕ್ಷೆ. ಈ ಕಾಲು ಇಟ್ಕೊಂಡು ಹೇಗೆ ನಡೀತಾರೆ?"

ಪೆಟ್ಟಿಗೆ ಕಿತ್ತು ಬಿಸಾಕೋಣ ಅಂದೆ. ಸ್ಕ್ರೂ ಬಿಚ್ಚೋಕೆ ಅದರ ಹತ್ತಿರ ಹೋಗೋಕೆ ಇಬ್ಬರಿಗೂ ಧೈರ್ಯ ಬರಲಿಲ್ಲ.

ಹೀಗೆ ಒಂಬತ್ತು ದಿನ. ಹತ್ತನೇ ದಿನ, ಅದರ ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಅಂಗಡೀಲಿದ್ದೆ. ಕೌಂಟರಿನ ಗಾಜು ಝಿಲ್ ಅಂತು. ಪೇಪರ್ ಕಟ್ಟು ತಾನಾಗೇ ಒಂದು ಗೇಣು ಸರೀತು. ಬೀದೀಲಿ ನಾಯಿಗಳು ಒಟ್ಟಿಗೇ ಸುಮ್ಮನಾದ್ವು. ಅಷ್ಟೇ, ಆರೇಳು ಸೆಕೆಂಡು. ಎಲ್ಲರೂ ಹೊರಗೆ ಓಡಿ ಬಂದ್ರು, ಎಲ್ಲೋ ದೂರದಲ್ಲಿ ಸಣ್ಣ ಭೂಕಂಪ ಅಂತೆ, ಯಾರಿಗೂ ಏನೂ ಆಗಿಲ್ಲ ಅಂತೆ, ವಾಪಸ್ ಒಳಗೆ ಹೋದ್ರು.

ಶುಕ್ರವಾರ ಅಂಗಡೀಲಿ ಹಾಳೆ ತೆಗೆದ್ರೆ, ಬೆಟ್ಟದಂಥ ಗೆರೆ. ಹನ್ನೊಂದೂ ಇಪ್ಪತ್ತಕ್ಕಲ್ಲ. ಬೆಳಿಗ್ಗೆ ಐದೂ ಇಪ್ಪತ್ತಕ್ಕೆ.

ನನಗೆ ದೆವ್ವ, ಭೂತ, ಬಾವ ಎಲ್ಲಾ ಮರೆತುಹೋಯ್ತು. ಲೋಕದ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಆಗದೇ ಇರೋದು ನಮ್ಮ ಹಾಲ್ ಮೂಲೇಲಿ ಆಗಿದೆ. ಭೂಕಂಪ ಆರು ಗಂಟೆ ಮೊದಲೇ ಗೊತ್ತಾಗಿದೆ. ಕೇಂದ್ರದ ಮೇಡಂಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮೂರು ಏಟಿನ ಉತ್ತರಾನೂ ಹೇಳಿದೆ, ಆರು ಗಂಟೆ ಮೊದಲು ಅಂತ ಒತ್ತಿ ಒತ್ತಿ ಹೇಳಿದೆ.

"ತಂಗಿ, ಪುಸ್ತಕದ ಎರಡನೇ ಪುಟ ಓದಿದ್ದೀಯಾ?"

"ಮೊದಲನೇದು ಓದಿದ್ದೀನಿ ಮೇಡಂ."

ಆಮೇಲೆ ಅವರು ಮಗುವಿಗೆ ಹೇಳೋ ಹಾಗೆ ಹೇಳಿದ್ರು. ಈ ಯೋಜನೆಯ ಪೆಟ್ಟಿಗೆಗಳೆಲ್ಲ, ಎಲ್ಲೇ ಇರಲಿ, ಯೋಜನೆಯವರೇ ಇಟ್ಟ ಒಂದೇ ಗಡಿಯಾರ ನೋಡ್ಕೊಂಡು ಬರೆಯೋದಂತೆ. ಎಲ್ಲೆಲ್ಲಿ ಯಾವಾಗ ನಡುಗಿತು ಅಂತ ಹೋಲಿಸಬೇಕಲ್ಲ, ಅದಕ್ಕೆ. ಆ ಗಡಿಯಾರ ನಮ್ಮೂರ ಗಡಿಯಾರಕ್ಕಿಂತ ಆರು ಗಂಟೆ ಹಿಂದೆ. ಹಾಳೆ ಓದುವಾಗ ಆರು ಗಂಟೆ ಕೂಡಿಸಿಕೊಂಡು ಓದಬೇಕು. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದೆಯಂತೆ.

ನೀನು ಎಲ್ಲಾ ಸದ್ದಿಗೂ 'ಗೊತ್ತಿಲ್ಲದ್ದು' ಅಂತ ಗುರುತು ಹಾಕ್ತಿದ್ದೆ, ಈ ಹುಡುಗಿ ಮನೆಗೇ ಹೋಗಲ್ಲ ಅಂತ ಕಾಣುತ್ತೆ ಅಂತ ನಾವಿಲ್ಲಿ ಮಾತಾಡ್ಕೋತಿದ್ವಿ ಅಂದ್ರು ಮೇಡಂ.

ಫೋನ್ ಇಟ್ಟು ನೆಲದ ಮೇಲೆ ಕೂತೆ. ಎಲ್ಲಾ ಹಾಳೆ ಮುಂದೆ ಹಾಕ್ಕೊಂಡು ಆರಾರು ಗಂಟೆ ಕೂಡಿಸ್ತಾ ಹೋದೆ. ಮಧ್ಯಾಹ್ನದ ಸಂಸಾರ ಅಂದ್ರೆ ಸಂಜೆಯ ನಾವು. ಸರಿರಾತ್ರಿಯ ಬಕೆಟ್ಟು ಅಂದ್ರೆ ಬೆಳಗಿನ ನಾವು. ಎರಡು ಗಂಟೆಯ ರಂಪ ಅಕ್ಕಂದು. ಭಾನುವಾರ ನನ್ನ ಕುರ್ಚಿ ಪಕ್ಕ ಹನ್ನೊಂದು ನಿಮಿಷ ನಿಂತಿದ್ದು, ಅವತ್ತು ಸಂಜೆ ಏಳೂ ಇಪ್ಪತ್ತಕ್ಕೆ ಪೆಟ್ಟಿಗೇನ ದಿಟ್ಟಿಸ್ತಾ ನಿಂತಿದ್ದ ನಾನೇ. ಇಷ್ಟು ದಿನ ನನ್ನ ಬೆನ್ನು ನೋಡಿ ನಾನೇ ಹೆದರಿದ್ದೆ.

ನಗು ಬಂತು ಕಣ್ರೇ. ಹತ್ತೂವರೆಗೆ ಆರು ಕೂಡಿಸೋವರೆಗೂ ನಗ್ತಾನೇ ಇದ್ದೆ.

ಹತ್ತೂವರೆಗೆ ಆರು ಕೂಡಿಸಿದ್ರೆ ಬೆಳಗಿನ ಜಾವ ನಾಲ್ಕೂವರೆ.

ಎಂಟು ಹೆಜ್ಜೆ, ನಿಲ್ಲೋದು, ತಿರುಗೋದು, ಎಂಟು ಹೆಜ್ಜೆ. ದಿನಾ ನಲವತ್ತು ನಿಮಿಷ. ಒಂದು ದಿನವೂ ತಪ್ಪಿಲ್ಲ. ವ್ಯಾಯಾಮ ಬಿಟ್ಟಿದ್ದೀನಿ, ಆಗೋದು ಆಗುತ್ತೆ ಅಂತಿದ್ದ ಮನುಷ್ಯ ಕತ್ತಲಲ್ಲಿ ಬರಿಗಾಲಲ್ಲಿ ನಡೀತಿದ್ರು. ಸೋತ್ರೆ, ಪ್ರಯತ್ನ ಪಟ್ಟಿದ್ರು ಅಂತ ಯಾರಿಗೂ ಗೊತ್ತಾಗಬಾರದು ಅಂತ. ಗೀರು ಸಣ್ಣ ಆಗ್ತಾ ಆಗ್ತಾ, ಮುಳ್ಳು ಸರಿಸಮ ಆಗ್ತಾ ಬಂದು, ಆ ಸೋಮವಾರಕ್ಕೆ ನಿಂತುಹೋಗಿತ್ತು. ನಾನು ಬಾಯಿ ಬಿಟ್ಟ ಸೋಮವಾರ.

ಅಂಗಡಿ ಬಾಗಿಲು ಎಳೆದು ಬಸ್ ನಿಲ್ದಾಣಕ್ಕೆ ಓಡಿದೆ. ವಿಚಾರಣೆ ಕಿಟಕಿ ಮುಂದೆ ಎಂಟು ಜನರ ಸಾಲು. ನಿಂತೆ. ನನ್ನ ಸರದಿ ಬಂದಾಗ ಬಾವ ತಲೆ ಎತ್ತದೆ, ಎಲ್ಲಿಗೆ ಅಂದ್ರು. ನಾನು ಗಾಜಿನ ಕೆಳಗಿನ ಸಂದೀಲಿ ಹಾಳೆ ತೂರಿಸಿದೆ.

"ಬಾವ, ನಾಲ್ಕೂವರೆಗೆ ನಡೀತಿದ್ದೋರು ನೀವು."

ಹಿಂದೆ ಯಾರೋ ಬಸ್ ಟೈಮ್ ಕೇಳಿದ್ರು. ಬಾವ ಕೇಳಿಸ್ಕೊಳ್ಳಲಿಲ್ಲ. ನಾನು ಗಡಿಯಾರದ ಕಥೆ ಹೇಳಿದೆ. ಬಾವ ಗಾಜಿನ ತೂತಿಗೆ ಬಾಯಿ ತಂದು ಮೆಲ್ಲಗೆ ಹೇಳಿದ್ರು.

"ನಾನು ನಡೆದಿದ್ದು ಒಂದೂ ಬರೆದಿಲ್ಲ, ಆದ್ರೆ ನನಗಿಂತ ಆರು ಗಂಟೆ ಮುಂಚೆ ನನ್ನದೇ ಕಾಲಲ್ಲಿ ಯಾರೋ ನಡೆದಿದ್ದಾರೆ ಅಂದ್ರೆ... ದಿನಾ ನಾನು ಹೋಗಿ ಅವನ ಹೆಜ್ಜೆ ಮೇಲೆ ಹೆಜ್ಜೆ ಇಡ್ತಿದ್ದೆ ಅನ್ನಿಸ್ತು ಕಣಮ್ಮ. ಅವನಿಗೆ ಕಾಲು ಬರ್ತಿದೆ ಅಂತ ಬೇರೆ ಅಂದೆ ನೀನು. ನನ್ನ ಕಾಲೇ ತಗೋತಿದ್ದಾನೆ ಅಂದ್ಕೊಂಡೆ. ಎದ್ದು ಹೋಗೋಕೆ ಆಗಲಿಲ್ಲ."

"ಅವನಿಲ್ಲ ಬಾವ. ನೀವೇ. ಇದು ಮೊದಲ ವಾರ, ಇದು ಕೊನೇ ದಿನ. ಇದರಲ್ಲಿ ಕುಂಟು ಎಲ್ಲಿದೆ ತೋರಿಸಿ ನೋಡೋಣ."

ಬಾವ ಬೆರಳಿಟ್ಟು ಮುಳ್ಳು ಒಂದೊಂದೇ ನೋಡಿದ್ರು. ಎಡ, ಬಲ, ಎಡ, ಬಲ. ಸಾಲಿನವರು ಗಲಾಟೆ ಶುರು ಮಾಡಿದ್ರು. ಬಾವ ಏಳು ತಿಂಗಳಲ್ಲಿ ಮೊದಲ ಸಲ ಕಿಟಕಿಗೆ 'ಮುಚ್ಚಿದೆ' ಅನ್ನೋ ಹಲಗೆ ಅಡ್ಡ ಇಟ್ರು. ಹಲಗೆ ಹಿಂದಿನಿಂದ ಒಂದೇ ಮಾತು ಬಂತು: "ನಿಮ್ಮಕ್ಕನಿಗೆ ಹೇಳಬೇಡ."

ಇದ್ದಿದ್ದು ಮೂರೇ ಬೆಳಗಿನ ಜಾವ. ಮೂರೂ ದಿನ ನಡೆದ್ರು. ಸೋಮವಾರ ಡಿಪೋ ಡಾಕ್ಟರ್ ನಡೆಸಿ ನೋಡಿ, ನಡಿಗೆ ಪರವಾಗಿಲ್ಲ, ತಿರುಗುವಾಗ ಎಡಗಾಲು ಹಿಂಜರಿಯುತ್ತೆ, ಹದಿನೈದು ದಿನ ಬಿಟ್ಟು ಬನ್ನಿ, ಅದೇ ಕೊನೇದು ಅಂದ್ರು. ಆ ಹನ್ನೊಂದು ದಿನ ಕೈಬಿಡದೇ ಇದ್ದಿದ್ರೆ ಅವತ್ತೇ ಮುಗೀತಿತ್ತು. ಇದನ್ನ ಯಾರೂ ನನಗೆ ಹೇಳಲಿಲ್ಲ. ಹೇಳದೇ ಇದ್ದಿದ್ದೇ ಕಷ್ಟ ಆಯ್ತು.

ಬಾವ ಮನೆಗೆ ಬಂದು ಅಕ್ಕನಿಗೆ ತಾವೇ ಎಲ್ಲ ಹೇಳಿದ್ರು. ಅಕ್ಕ ಅಳ್ತಾಳೆ ಅಂದ್ಕೊಂಡೆ. ಅಳಲಿಲ್ಲ. ಎದ್ದು ಹೋಗಿ ಆ ಎಂಟು ಪುಟದ ಪುಸ್ತಕ ತಂದು, ನನ್ನನ್ನ ನಿಲ್ಲಿಸಿ, ಎರಡನೇ ಪುಟ ಗಟ್ಟಿಯಾಗಿ ಮೂರು ಸಲ ಓದಿಸಿದ್ಲು. ಆಮೇಲೆ ತೀರ್ಪು ಕೊಟ್ಲು. ಹದಿನೈದು ದಿನ ಬಾವನ್ನ ನಾಲ್ಕೂವರೆಗೆ ಎಬ್ಬಿಸೋದು ನಾನು. ಜೊತೆಗೆ ನಡೆಯೋದು ನಾನು. ಎಂಟು ಹೆಜ್ಜೆ, ತಿರುಗೋದು, ಎಂಟು ಹೆಜ್ಜೆ, ನಲವತ್ತು ನಿಮಿಷ. ಹಾಳೇಲಿ ಒಂದು ದಿನ ತಪ್ಪಿದ್ದು ಕಂಡ್ರೂ ತನ್ನ ಕೈಲಿ ನನ್ನ ಕಥೆ ಮುಗೀತು ಅಂದ್ಲು.

ಮೊದಲನೇ ದಿನ ಬಾವನೇ ಏಳಲಿಲ್ಲ. ಇವತ್ತು ಬೇಡಮ್ಮ, ನಾಳೆಯಿಂದ ಅಂತ ಮಗ್ಗುಲು ಬದಲಾಯಿಸಿದ್ರು. ನಾನು ಹೊದಿಕೆ ಎಳೆದೆ. ಮೂರನೇ ದಿನ ಮುಖಕ್ಕೆ ನೀರು ಚಿಮುಕಿಸಿದೆ. ಐದನೇ ದಿನ ಅವರೇ ಬಾಗಿಲ ಚಿಲಕ ಹಾಕ್ಕೊಂಡು ಮಲಗಿದ್ರು, ನಾನು ಹೊರಗಿಂದ ಸುತ್ತಿಗೇಲಿ ಕುಟ್ಟಿದೆ. ಬಾವ, ತಿರುಗಿ. ಬಾವ, ಎಡಗಾಲು. ಬಾವ, ಇನ್ನೂ ಹತ್ತು ನಿಮಿಷ ಇದೆ. ಆ ಹದಿನೈದು ಹಾಳೇಲೂ ರಾತ್ರಿ ಹತ್ತೂವರೆ ಹತ್ತಿರ ಎರಡು ಜೊತೆ ಹೆಜ್ಜೆ. ಅದಕ್ಕೆ ಆರು ಗಂಟೆ ಕೂಡಿಸಿ ನೋಡಿ ನೋಡಿ ಖಾತ್ರಿ ಮಾಡ್ಕೊಂಡು, ಮೊದಲನೇ ಸಲ 'ಗೊತ್ತಿರೋದು' ಅಂತ ಗುರುತು ಹಾಕಿದೆ.

ಮೊನ್ನೆ ಆ ಕೊನೇ ಪರೀಕ್ಷೆ. ಅಕ್ಕನಿಗೆ ರಜೆ ಸಿಗಲಿಲ್ಲ, ನಾನು ಹೋದೆ, ಕೋಣೆ ಬಾಗಿಲಲ್ಲಿ ನಿಂತೆ. ಬಾವ ಆ ತುದಿಯಿಂದ ಈ ತುದಿಗೆ ನಡೆದ್ರು. ತಿರುಗಿದ್ರು. ನಡೆದ್ರು. ನಾನು ಕಣ್ಣು ಮುಚ್ಕೊಂಡು ಬರೀ ಸದ್ದು ಕೇಳಿದೆ. ಎಡ, ಬಲ, ಎಡ, ಬಲ, ಒಂದೇ ಎತ್ತರ. ಡಾಕ್ಟರ್ ಇನ್ನೊಂದು ಸಲ ನಡೆಸಿದ್ರು. ಕನ್ನಡಕ ತೆಗೆದ್ರು.

"ಹದಿನೈದು ದಿನದಲ್ಲಿ ಇದು ಆಗೋ ಮಾತಲ್ಲ. ಏನು ಮಾಡಿದ್ರಿ ಇವರೇ?"

ಬಾವ ಸಭ್ಯವಾಗಿ ಕೈ ಕಟ್ಕೊಂಡು ನಿಂತ್ರು.

"ನಮ್ಮನೇಲಿ ಒಂದು ದೆವ್ವ ಇದೆ ಸಾರ್. ದಿನಾ ನಾಲ್ಕೂವರೆಗೆ ಬಂದು ಬಾಗಿಲು ಕುಟ್ಟುತ್ತೆ. ಎದ್ದು ನಡೆಯೋವರೆಗೂ ಬಿಡಲ್ಲ."

ಡಾಕ್ಟರ್ ನಗಬೇಕೋ ಬೇಡವೋ ಅಂತ ನೋಡ್ತಾ, ಎಲ್ಲಿದೆ ಅದು ಅಂದ್ರು. ಬಾವ ಬಾಗಿಲ ಕಡೆ ಬೆರಳು ತೋರಿಸಿದ್ರು.

ಹದಿನೈದು ದಿನದಿಂದ ನಿದ್ದೆ ಇಲ್ಲ, ಕಣ್ಣ ಸುತ್ತ ಕಪ್ಪು, ತಲೆ ಬಾಚದೆ ನಾಲ್ಕು ದಿನ ಆಗಿತ್ತು, ಮೇಲೆ ಅಕ್ಕನ ಬಿಳಿ ಶಾಲು ಹೊದ್ದು ನಿಂತಿದ್ದೆ. ಡಾಕ್ಟರ್ ನನ್ನನ್ನ ಒಂದು ಸಲ ನೋಡಿದ್ರು. ಆಮೇಲೆ ಏನೂ ಕೇಳದೆ, ಬೇಗ ಬೇಗ ಸಹಿ ಹಾಕಿಬಿಟ್ರು.